ಕೂಗದ ಭೋಂಗಾ: ಪೋಲೆಂಡಿನ ಹೆಂಚಿನ ಭಟ್ಟಿಯಲ್ಲಿ ನಾಲ್ಕು ದಿನ

ಮಹಾಂತೇಶ ನಗರ, ಹೊರಡುವ ಮುನ್ನ

ಪಾಸ್‌ಪೋರ್ಟಿನ ಫೋಟೋದಲ್ಲಿ ನನಗೆ ಮೀಸೆ ಇದೆ, ಈಗ ಇಲ್ಲ. ಅಲ್ಲಿಯ ಅಧಿಕಾರಿ ‘ಇವನು ಅವನಲ್ಲ’ ಎಂದು ಬಾಗಿಲಿನಿಂದಲೇ ಹಿಂದಕ್ಕೆ ಅಟ್ಟಬಹುದು. ಬೆಳಗಾವಿಯಿಂದ ಹಾರುವ ವಿಮಾನ ತಡವಾಗಿ ಮುಂದಿನ ಎರಡೂ ತಪ್ಪಬಹುದು. ಚೀಲ ಬೇರೆ ಯಾವುದೋ ದೇಶಕ್ಕೆ ಹೋಗಿ, ಒಂದೇ ಪ್ಯಾಂಟಿನಲ್ಲಿ ನಾನು ನಾಲ್ಕು ದಿನ ಕಳೆಯಬಹುದು. ಲ್ಯಾಪ್‌ಟಾಪು, ವೈರಿನ ಗಂಟು, ಬಿಚ್ಚಿದ ಸರ್ಕ್ಯೂಟ್ ಬೋರ್ಡು, ಪಕ್ಕದಲ್ಲಿ ಸ್ಟೀಲಿನ ಡಬ್ಬಿ: ಇವನ್ನೆಲ್ಲ ಎಕ್ಸ್‌-ರೇಯಲ್ಲಿ ಒಟ್ಟಿಗೆ ನೋಡಿದವರು ನನ್ನನ್ನು ಒಳಕೋಣೆಗೆ ಕರೆದೊಯ್ದು, ಶೇಂಗಾ ಚಟ್ನಿ ಎಂದರೆ ಏನು ಎಂದು ವಿಚಾರಣೆ ನಡೆಸಬಹುದು. ಚಳಿಗೆ ಕಿವಿ ಮರಗಟ್ಟಬಹುದು. ಹಿಮದ ಮೇಲೆ ಜಾರಿ ಸೊಂಟ ಮುರಿಯಬಹುದು. ನಮ್ಮದು ಜೈನರ ಮನೆ. ಬಟಾಟಿ, ಉಳ್ಳಾಗಡ್ಡಿ ತಿನ್ನುವವರಲ್ಲ. (ಶೇಂಗಾ ಕೂಡ ನೆಲದೊಳಗೇ ಬೆಳೆಯುತ್ತದಲ್ಲ ಎಂದು ಯಾರೂ ಕೇಳಬಾರದು, ಅದಕ್ಕೆ ರಿಯಾಯಿತಿ ಇದೆ.) ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಡಿಸೆಂಬರಿನಲ್ಲಿ ಅಲ್ಲಿ ಮೂರೂವರೆಗೇ ಹೊತ್ತು ಮುಳುಗುತ್ತದಂತೆ. ಹಸಿವಿನಿಂದಲೇ ಕಥೆ ಮುಗಿಯಬಹುದು.

ಇಂಥ ಇಪ್ಪತ್ತೊಂದು ಸಂಗತಿಗಳನ್ನು ಒಂದು ಹಾಳೆಯ ಮೇಲೆ ಬರೆದಿದ್ದೆ. ಹೆಂಡತಿ ಕನ್ನಡಕ ಹಾಕಿಕೊಂಡು ಓದಿದಳು.

"ಇಷ್ಟೆಲ್ಲಾ ಬರದೀರಿ, ವಿಮಾನ ಬೀಳೂದೊಂದು ಬಿಟ್ಟೀರಲ್ರಿ."

"ಅದು ಹಿಂದಿನ ಪುಟದಾಗ ಐತಿ."

ಅವಳು ಹಾಳೆ ತಿರುವಿ ನೋಡಿದಳು. ಇತ್ತು.

ಆದರೆ ನಗುತ್ತ ಹೊರಡುವ ಪ್ರವಾಸವಾಗಿರಲಿಲ್ಲ ಇದು. ಬೆಳಗಾವಿಯ ಉದ್ಯಮಬಾಗದ ಸಣ್ಣದೊಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಭಟ್ಟಿಗಳ ಗೋಡೆಗೆ ತೂಗುಹಾಕುವ ಒಂದು ಡಬ್ಬಿ ನಮ್ಮ ಮಾಲು. ಉರಿ ಸರಿಯಾಗಿ ಉರಿಯದಿದ್ದಾಗ ವಾಸನೆಯಿಲ್ಲದ ಒಂದು ವಿಷದ ಗಾಳಿ ಹುಟ್ಟುತ್ತದೆ. ಡಬ್ಬಿ ಅದನ್ನು ಹಿಡಿಯುತ್ತದೆ, ಮಿತಿ ಮೀರಿದರೆ ಭೋಂಗಾ ಕೂಗಿಸಿ ಜನರನ್ನು ಹೊರಗೆ ಓಡಿಸುತ್ತದೆ. ಪೋಲೆಂಡಿನ ಒಂದು ಹೆಂಚಿನ ಕಾರ್ಖಾನೆಯವರು ಅದನ್ನು ತರಿಸಿಕೊಂಡಿದ್ದರು. ಭೋಂಗಾ ಸುಮ್ಮಸುಮ್ಮನೆ ಕೂಗುತ್ತದೆ, ಕೆಲಸದವರು ಬೇಸತ್ತು ಬಟನ್ ಒತ್ತಿ ಅದರ ಬಾಯಿ ಮುಚ್ಚಿಸುತ್ತಾರೆ ಎಂದು ನವೆಂಬರಿನಲ್ಲಿ ದೂರು ಬಂತು. ನಾನು ಪ್ರೋಗ್ರಾಮ್ ತಿದ್ದಿದೆ, ನಮ್ಮಲ್ಲಿ ಓಡಿಸಿ ನೋಡಿದೆ, ಇಂಟರ್ನೆಟ್ಟಿನಲ್ಲಿ ಅವರ ಡಬ್ಬಿಗೆ ಕಳಿಸಿದೆ. ಭೋಂಗಾ ಸುಮ್ಮನಾಯಿತು. ಧನ್ಯವಾದದ ಪತ್ರವೂ ಬಂತು.

ಮೂರು ವಾರದ ಮೇಲೆ ಎರಡನೆಯ ಪತ್ರ ಬಂತು. ಮಾರೆಕ್ ಎಂಬ ಕೆಲಸಗಾರ ಭಟ್ಟಿಯ ಹಿಂದೆ ಬಿದ್ದಿದ್ದು ಸಿಕ್ಕಿದ್ದ. ಆಸ್ಪತ್ರೆಯಲ್ಲಿದ್ದಾನೆ, ಎಚ್ಚರವಿಲ್ಲ. ಭೋಂಗಾ ಕೂಗಿರಲಿಲ್ಲ. ಡಬ್ಬಿಯ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಹಾಗಾದರೆ ಮಾರೆಕನೇ ಬಟನ್ ಒತ್ತಿರಬೇಕು ಎಂಬುದು ಅಲ್ಲಿಯವರ ತೀರ್ಮಾನ. ಯಾರಾದರೂ ಬಂದು ನೋಡಿ ಹೇಳಿ ಎಂದು ಬರೆದಿದ್ದರು.

"ನೀನಽ ಹೋಗಿ ಬಾ ಚೌಗುಲೆ," ಎಂದರು ದಾದಾ. ನಮ್ಮ ಮಾಲಕರನ್ನು ಎಲ್ಲರೂ ಕರೆಯುವುದು ಹಾಗೆ. "ನಮ್ಮ ತಪ್ಪ ಇರಲಿಕ್ಕಿಲ್ಲ. ಇದ್ರ ಹೇಳಿ ಬಾ."

ಖಾನಾಪುರ

ವೀಸಾಕ್ಕೆ ಕಾಯುವ ದಿನಗಳಲ್ಲಿ ಕೈಕಟ್ಟಿ ಕೂಡಲಾರದೆ ಖಾನಾಪುರಕ್ಕೆ ಹೋದೆ. ಅಲ್ಲಿಯ ಒಂದು ಹೆಂಚಿನ ಭಟ್ಟಿಯಲ್ಲಿ ನಮ್ಮದೇ ಡಬ್ಬಿ ಇದೆ. ಜೊತೆಗೆ ವಿಠ್ಠಲ ಬಂದ. ಅವನು ಖಾನಾಪುರದವನೇ, ನನ್ನ ವಾರಿಗೆಯವನು. ದಿನಾ ರೈಲಿನಲ್ಲಿ ಬೆಳಗಾವಿಗೆ ಬಂದು ನಮ್ಮಲ್ಲಿ ಡಬ್ಬಿ ಜೋಡಿಸುತ್ತಾನೆ, ಪರೀಕ್ಷೆ ಮಾಡುತ್ತಾನೆ.

ಭಟ್ಟಿಯ ಮೇಸ್ತ್ರಿ ಯಲ್ಲಪ್ಪ ಮಾಮಾ ಬೂದಿಯ ಗುಡ್ಡೆಯ ಬಾಜುಕ್ಕೆ ಕೂತು ಎಲೆ ಹಾಕಿಕೊಳ್ಳುತ್ತಿದ್ದರು.

"ಮಾಮಾ, ಡಬ್ಬಿ ಹ್ಯಾಂಗ ನಡದೈತ್ರಿ?"

"ಬೆಸ್ಟ್ ಐತ್ರಿ. ಪ್ಲಗ್ ಹಾಕಿದ್ರ ನಡೀತೈತಿ."

"ಹಾಕೀರೇನು?"

"ಈಗ ಮೊಬೈಲ್ ಚಾರ್ಜಿಗೆ ಹಾಕೇವ್ರಿ."

"ಮತ್ತ ಗಾಳಿ ಕೆಟ್ರ?"

ಮಾಮಾ ಬೆರಳೆತ್ತಿ ಸುತ್ತ ತೋರಿಸಿದರು. ಮೂರು ಕಡೆ ಗೋಡೆಯಿಲ್ಲ. ಮೇಲೆ ಹೆಂಚುಗಳ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಊರಿಗೆಲ್ಲ ಹೆಂಚು ಸುಟ್ಟುಕೊಟ್ಟವರ ಮಾಡಿನಲ್ಲೇ ಹೆಂಚಿಗೆ ಬರ. "ಕೆಟ್ಟ ಗಾಳಿ ಇಲ್ಲಿ ಕುಂದರ್ತೀನಿ ಅಂದ್ರ ಜಾಗಾ ಎಲ್ಲೈತ್ರಿ? ಗೋವಾದ ಕಡಿಂದ ಬರ್ತೈತಿ, ಬೆಳಗಾವಿ ಕಡೆ ಹೋಗ್ತೈತಿ. ನಿಮಗಽ ಬಂದು ಮುಟ್ಟಿರಬೇಕು."

"ತರೀ ಪಣ ಲಾವಾ, ಮಾಮಾ," ಎಂದ ವಿಠ್ಠಲ ಮರಾಠಿಯಲ್ಲಿ, ಆದರೂ ಹಚ್ಚಿರಿ ಎಂದು. ಅವನೇ ಮೊಬೈಲು ಕಿತ್ತು ಡಬ್ಬಿಗೆ ಪ್ಲಗ್ ಹಾಕಿದ. ಕೆಂಡದ ಪಾತ್ರೆಯನ್ನು ಹತ್ತಿರ ಹಿಡಿದೆವು. ಭೋಂಗಾ ಕೂಗಿತು, ನೆರಳಿಗೆ ಮಲಗಿದ್ದ ಎರಡು ನಾಯಿಗಳು ಎದ್ದು ಹೋದವು.

ಉದ್ಯಮಬಾಗದಲ್ಲಿ ಓಡಿತ್ತು, ಖಾನಾಪುರದಲ್ಲೂ ಓಡಿತು, ಅಲ್ಲಿ ಮಾತ್ರ ಯಾಕೆ ಓಡಲಿಕ್ಕಿಲ್ಲ? ಹೀಗೆ ಸಮಾಧಾನ ಮಾಡಿಕೊಂಡು ಬಸ್ಸು ಹತ್ತಿದೆ. ಖಾನಾಪುರದ ಡಬ್ಬಿಗೆ ಇಂಟರ್ನೆಟ್ಟಿಲ್ಲ, ಅದರೊಳಗೆ ಈಗಲೂ ಇರುವುದು ಹಳೆಯ ಪ್ರೋಗ್ರಾಮ್ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ನೆನೆಸಿಕೊಳ್ಳಲಿಲ್ಲ.

ಸೋಮವಾರ

ಊರು ಸಣ್ಣದು. ನಮ್ಮ ಖಾನಾಪುರದಷ್ಟೇ ಇರಬೇಕು, ಆದರೆ ಬೀದಿಯಲ್ಲಿ ಜನವೇ ಇಲ್ಲ. ಚಿಮಣಿಗಳಿಂದ ಹೊಗೆ ಏಳುತ್ತಿದ್ದದ್ದರಿಂದ ಮನೆಗಳೊಳಗೆ ಜನ ಇದ್ದಾರೆ ಎಂದು ತಿಳಿದುಕೊಳ್ಳಬೇಕು. ಹಿಮ ಬಿಳಿಯಾಗಿರುತ್ತದೆ ಎಂದುಕೊಂಡಿದ್ದೆ. ಬಸ್ ನಿಲ್ದಾಣದ ಹತ್ತಿರ ಅದು ಇದ್ದಿಲ ಬಣ್ಣದ್ದಿತ್ತು.

ಕಾರ್ಖಾನೆಯ ಆಫೀಸಿನಿಂದ ಪಾನಿ ಎವಾ ಎಂಬವರು ಕರೆಯಲು ಬಂದಿದ್ದರು. ನಮ್ಮಲ್ಲಿ ಹೆಸರಿನ ಹಿಂದೆ ಬಾಯಿ ಸೇರಿಸಿದ ಹಾಗೆ ಅಲ್ಲಿ ಹೆಂಗಸರ ಹೆಸರಿನ ಮುಂದೆ ಪಾನಿ ಎಂದು ಮರ್ಯಾದೆಗೆ ಸೇರಿಸುತ್ತಾರೆ. ಅರವತ್ತು ದಾಟಿದವರು, ಸಾಲಿಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಈಗ ಇಲ್ಲಿ ಪತ್ರ ವ್ಯವಹಾರ ನೋಡಿಕೊಳ್ಳುತ್ತಾರೆ. ಅವರ ಇಂಗ್ಲಿಷನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ತಲೆಯೊಳಗೆ ಅದು ಕೇಳಿಸಿದ್ದೇ ಹಾಗೆ.

ಭಟ್ಟಿಯ ಮನೆ ನೋಡಿ ನನಗೆ ಖಾನಾಪುರದ ಮಾಡು ನೆನಪಾಯಿತು. ಇಲ್ಲಿ ಬಾಗಿಲಿಗೊಂದು ಬಾಗಿಲು, ಕಿಟಕಿಗೊಂದು ಕಿಟಕಿ, ಎಲ್ಲ ಸಂದಿಗಳಿಗೂ ರಬ್ಬರು, ರಬ್ಬರಿಗೂ ಜಗ್ಗದ ಕಡೆ ಗೋಣಿತಟ್ಟು. ನಮ್ಮಲ್ಲಿ ಮನೆಯೊಳಗೆ ಗಾಳಿ ಆಡದಿದ್ದರೆ ಕಟ್ಟಿದವನನ್ನು ಬೈಯುತ್ತೇವೆ, ಇಲ್ಲಿ ಆಡಿದರೆ ಬೈಯುತ್ತಾರೆ. ಮಾರೆಕ್ ಬಿದ್ದ ದಿನದಿಂದ ಮಾತ್ರ ಎಲ್ಲ ಕಿಟಕಿಗಳನ್ನೂ ಹಾರುಹೊಡೆದು ಕೆಲಸ ಮಾಡುತ್ತಿದ್ದರು. ಉರಿಯುವ ಭಟ್ಟಿಯ ಮುಂದೆ ಕೋಟು, ಟೊಪ್ಪಿಗೆ ಹಾಕಿಕೊಂಡು ನಡುಗುತ್ತ ನಿಂತ ಜನರನ್ನು ನಾನು ಅದೇ ಮೊದಲು ನೋಡಿದ್ದು.

ಹೆಂಚು ಎಣಿಸಿ ಕಟ್ಟುವ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. "ಇವರು ಪಾನಿ ದನೂತಾ. ಮಾರೆಕ್‌ನ ಹೆಂಡತಿ," ಎಂದರು ಎವಾ. ನಾನು ಹೊರಗಿನಿಂದಲೇ ಕೈ ಚಾಚಿದೆ. ದನೂತಾ ತಟ್ಟನೆ ತಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಸರಿಯೇ, ನನ್ನ ಕೈ ಯಾಕೆ ಹಿಡಿಯಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು, ಆಮೇಲೆ ಕೈ ಕುಲುಕಿದರು.

"ಹೊಸ್ತಿಲದ ಮ್ಯಾಲಿಂದ ಕೈ ಕೊಡಬಾರದ್ರಿ, ಜಗಳ ಆಗ್ತೈತಿ ಅಂತಾರ," ಎಂದರು ಎವಾ.

ನಮ್ಮವ್ವ ಹೊಸ್ತಿಲ ಮೇಲಿಂದ ಒಂದು ಸೀನನ್ನೂ ದಾಟಗೊಡುತ್ತಿರಲಿಲ್ಲ. ನಾಲ್ಕು ಸಾವಿರ ಮೈಲಿ ದೂರ ಎಂದು ಹೆದರಿ ಬಂದವನಿಗೆ ಇದೊಂದು ಪರಿಚಯದ ಮನೆಯಂತೆ ಕಂಡಿತು. ಆದರೆ ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

ದನೂತಾ ಎರಡೇ ಮಾತು ಹೇಳಿದರು. ಎವಾ ಅದನ್ನು ಅನುವಾದಿಸುವ ಮೊದಲು ಕನ್ನಡಕ ಒರೆಸಿಕೊಂಡರು.

"ಆ ಬಟನ್ ಅವರಽ ಒತ್ತಿದ್ರೋ ಇಲ್ಲೋ, ಅಷ್ಟ ನೋಡಿ ಹೇಳ್ರಿ ಅಂತಾರ."

ಉಳಿದದ್ದನ್ನು ಎವಾ ಆಮೇಲೆ, ಚಹದ ಮುಂದೆ ಹೇಳಿದರು. ಅಲ್ಲಿ ಚಹ ಗಾಜಿನ ಲೋಟದಲ್ಲಿ, ಹಾಲಿಲ್ಲದೆ, ಲಿಂಬಿಹಣ್ಣಿನ ಬಿಲ್ಲೆ ತೇಲಿಸಿ ಕೊಡುತ್ತಾರೆ. ಜ್ವರ ಬಂದವರಿಗೆ ಕೊಡುವ ಕಷಾಯದ ಹಾಗೆ. ದಿನಾ ಎರಡು ಗಂಟೆಗೆ ದನೂತಾಳ ಪಾಳಿ ಮುಗಿಯುತ್ತದೆ. ಮೂರರ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತಾಳೆ. ನಾಲ್ಕರಿಂದ ಐದರವರೆಗೆ ಒಳಗೆ ಬಿಡುತ್ತಾರೆ. ಎಚ್ಚರವಿಲ್ಲದವರಿಗೂ ಕಿವಿ ಕೇಳಿಸಬಹುದು, ಮಾತಾಡುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ.

"ಏನ್ ಮಾತಾಡ್ತಾರ್ರಿ?"

"ಬೈತಾಳ್ರಿ."

"ಬೈತಾರ?"

"ಯಾಕ ಒತ್ತಿದಿ ಆ ಬಟನ್, ಯಾರ ಹೇಳಿದ್ರು ನಿನಗ, ಯಾವತ್ತರ ಒಬ್ಬರ ಮಾತು ಕೇಳೀ ಏನು ಅಂತ. ಒಂದ್ ತಾಸು ಅದಽ. ಮೂವತ್ತೊಂದು ವರ್ಷ ಸಂಸಾರ ಮಾಡ್ಯಾಳ. ಬ್ಯಾರೆ ಮಾತು ಆಡಬೇಕು ಅಂತ ಮನಸಿನ್ಯಾಗ ಐತಿ, ಬಾಯಿಗೆ ಬರೂದು ಇದು. ಹೊರಗ ಬಂದು ನನ್ನ ಮುಂದ ಅಳ್ತಾಳ."

ನಾನು ಲಿಂಬಿಯ ಬಿಲ್ಲೆಯನ್ನು ಚಮಚದಿಂದ ಮುಳುಗಿಸುತ್ತ ಕೂತೆ. ಅದು ಮತ್ತೆ ಮತ್ತೆ ಮೇಲೆ ಬರುತ್ತಿತ್ತು.

ಮಂಗಳವಾರ

ಡಬ್ಬಿಯ ಹಸಿರು ದೀಪ ಉರಿಯುತ್ತಿತ್ತು. ಆ ದೀಪಕ್ಕೆ ಗೊತ್ತಿರುವುದು ಒಂದೇ ಸಂಗತಿ: ಕರೆಂಟು ಬಂದಿದೆ. ಒಳಗೆ ಪ್ರೋಗ್ರಾಮ್ ಓಡುತ್ತಿದೆಯೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆ ವೈರು ಜೋಡಿಸಿದವರು ನಾವೇ. ಹಸಿರು ಕಂಡರೆ ಗಿರಾಕಿಗೆ ಜೀವ ತಂಪಾಗಿರುತ್ತದೆ ಎಂದು.

ಇಲ್ಲಿ ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಡಬ್ಬಿಯೊಳಗಿನ ಚಿಪ್ಪು ಬಡಪಾಯಿ. ತನ್ನ ಪ್ರೋಗ್ರಾಮನ್ನು ತಾನೇ ಕಟ್ಟಿಕೊಳ್ಳುವ ತಾಕತ್ತು ಅದಕ್ಕಿಲ್ಲ. ಉದ್ಯಮಬಾಗದ ನನ್ನ ಕಂಪ್ಯೂಟರಿನಲ್ಲಿ ಬರೆದು, ಆ ಚಿಪ್ಪಿಗೆ ಒಗ್ಗುವ ಹಾಗೆ ಅಲ್ಲೇ ಕಂಪೈಲ್ ಮಾಡಿ, ಸಿದ್ಧವಾದದ್ದನ್ನು ಡಬ್ಬಿಗೆ ತುಂಬುತ್ತೇವೆ. ಒಂದು ಜಾತಿಯ ಯಂತ್ರದ ಮೇಲೆ ಕೂತು ಇನ್ನೊಂದು ಜಾತಿಯ ಯಂತ್ರಕ್ಕೆ ಅಡಿಗೆ ಮಾಡುವ ಕೆಲಸ. ಉಪ್ಪು ಖಾರ ನೋಡುವ ನಾಲಿಗೆ ಮಾತ್ರ ಡಬ್ಬಿಯದು.

ಲ್ಯಾಪ್‌ಟಾಪು ಜೋಡಿಸಿ ಡಬ್ಬಿಯ ಒಳಹೊಕ್ಕೆ. ಫೈಲುಗಳ ಪಟ್ಟಿ ಕೇಳಿದೆ. ನಾನು ನವೆಂಬರಿನಲ್ಲಿ ಕಳಿಸಿದ ಪ್ರೋಗ್ರಾಮ್ ಅಲ್ಲೇ ಇತ್ತು, ಹೆಸರು ಸರಿ, ದಿನಾಂಕ ಸರಿ. ಓಡು ಎಂದೆ. ಅಂಥ ಫೈಲೇ ಇಲ್ಲ ಎಂದಿತು ಡಬ್ಬಿ.

ಪಟ್ಟಿ ಮತ್ತೆ ಕೇಳಿದೆ. ಇದೆ. ಓಡು ಎಂದೆ. ಇಲ್ಲ.

ಹೀಗೆ ಆರು ಸಲ. ಕಣ್ಣೆದುರು ಇರುವುದನ್ನು ಇಲ್ಲ ಎನ್ನುವವರ ಜೊತೆ ನಾನು ಬಹಳ ಸಲ ವಾದ ಮಾಡಿದ್ದೇನೆ, ಆದರೆ ಅವರೆಲ್ಲ ಮನುಷ್ಯರಾಗಿದ್ದರು. ಓಡಿಸುವ ಪರವಾನಗಿ ಕೊಟ್ಟಿಲ್ಲವೇ ಎಂದು ನೋಡಿದೆ, ಕೊಟ್ಟಿತ್ತು. ಬರುವ ದಾರಿಯಲ್ಲಿ ಅರ್ಧ ಕತ್ತರಿಸಿ ಹೋಗಿದೆಯೇ ಎಂದು ಅಳತೆ ತಾಳೆ ನೋಡಿದೆ, ಒಂದಕ್ಷರವೂ ಕಡಿಮೆಯಿಲ್ಲ. ಬೇರೆ ಚಿಪ್ಪಿನದನ್ನು ಕಳಿಸಿಬಿಟ್ಟೆನೇ ಎಂದು ಪ್ರೋಗ್ರಾಮಿನ ತಲೆಬರಹ ಓದಿದೆ, ಇದೇ ಚಿಪ್ಪಿನದು.

ತಲೆಯೆತ್ತಿದಾಗ ಹೊರಗೆ ಕತ್ತಲಾಗಿತ್ತು. ಮೂರು ಮುಕ್ಕಾಲು. ಊಟದ ಹೊತ್ತು ದಾಟಿಹೋಗಿತ್ತು. ಹೆಂಡತಿ ಕಟ್ಟಿಕೊಟ್ಟ ಚಪಾತಿ ಚೀಲದಲ್ಲೇ ಇತ್ತು, ನಾನು ನೀರು ಕುಡಿದು ಕೂತೆ. ಅದನ್ನು ಕಂಡ ಎವಾ ಗಾಬರಿಯಾದರು. ಬಟಾಟಿ ತುಂಬಿದ ಕಡಬು ತಂದಿದ್ದರು. ಬಟಾಟಿ ಬ್ಯಾಡ, ಕತ್ತಲಾದ ಮೇಲೆ ಏನೂ ಬ್ಯಾಡ ಎಂದೆ.

"ಇಲ್ಲೆ ಹುಟ್ಟಿದ್ರ ಏನ್ ಮಾಡ್ತಿದ್ರಿ?" ಎಂದರು.

"ಬ್ಯಾಸಗ್ಯಾಗ ಹುಟ್ಟತಿದ್ದೆ."

ಅವರು ನಕ್ಕರು. ಹೊರಗೆ ಹೆಂಚಿನ ಕೋಣೆಯ ದೀಪ ಆರಿತ್ತು. ದನೂತಾ ಆಗ ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ಹೊಡೆಯುವುದನ್ನು ಕಾಯುತ್ತಿರಬೇಕು ಎಂದು ಇಬ್ಬರಿಗೂ ನೆನಪಾಗಿ ನಗು ಅಲ್ಲೇ ನಿಂತಿತು.

ಬುಧವಾರ

ಬೆಳಿಗ್ಗೆ ಎದ್ದವನಿಗೆ ಸರಿಯಾದ ಪ್ರಶ್ನೆ ಹೊಳೆಯಿತು. ಪ್ರೋಗ್ರಾಮ್ ಇಲ್ಲ ಎಂದು ಡಬ್ಬಿ ಹೇಳುತ್ತಿಲ್ಲವೋ ಏನೋ. ಬೇರೆ ಏನೋ ಇಲ್ಲ ಎನ್ನುತ್ತಿರಬಹುದು.

ಪ್ರೋಗ್ರಾಮ್ ತಾನಾಗಿ ಎದ್ದು ನಿಲ್ಲುವುದಿಲ್ಲ. ಅದನ್ನು ಎತ್ತಿ ನಿಲ್ಲಿಸಿ, ಬೇಕಾದ ಸಾಮಾನು ಒದಗಿಸುವ ಇನ್ನೊಂದು ಸಣ್ಣ ಫೈಲು ಡಬ್ಬಿಯಲ್ಲಿ ಇರಬೇಕು. ಅದರ ಹೆಸರು, ವಿಳಾಸ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಬರೆದಿರುತ್ತದೆ. ಆ ಹೆಸರನ್ನು ತೆಗೆದು ಓದಿ ಪೋಲೆಂಡಿನ ಡಬ್ಬಿಯಲ್ಲಿ ಹುಡುಕಿದೆ. ಇರಲಿಲ್ಲ. ಸರಕಾರಿ ಕಚೇರಿಯಲ್ಲಿ ನಮ್ಮ ಅರ್ಜಿ ಮೇಜಿನ ಮೇಲೇ ಇರುತ್ತದೆ, ಅದನ್ನು ಮುಂದೆ ಸಾಗಿಸುವ ಗುಮಾಸ್ತರು ರಜೆ ಹಾಕಿರುತ್ತಾರೆ, ಕಿಟಕಿಯಲ್ಲಿ ಕೂತವರು 'ನಿಮ್ಮ ಅರ್ಜಿ ಇಲ್ರಿ' ಎನ್ನುತ್ತಾರೆ. ಅದೇ ಥರ.

ಹಾಗಾದರೆ ಉದ್ಯಮಬಾಗದಲ್ಲಿ ಹೇಗೆ ಓಡಿತು?

ನಮ್ಮ ಕಡೆ ಯಾವ ಕಾರ್ಖಾನೆಯವರೂ ಮೊದಲು ಮಾಡಿದ ಮಾಲನ್ನು ಮಾರುವುದಿಲ್ಲ. ಮನೆಯ ಲಕ್ಷ್ಮಿ ಎಂದು ಇಟ್ಟುಕೊಳ್ಳುತ್ತಾರೆ. ನಮ್ಮ ಮೊದಲ ಡಬ್ಬಿಯೂ ಪರೀಕ್ಷೆಯ ಮೇಜಿನ ಮೇಲೆ ಏಳು ವರ್ಷದಿಂದ ಕೂತಿದೆ. ಅದಕ್ಕೆ ಆಯಿ, ಅಂದರೆ ತಾಯಿ, ಎಂದು ಹೆಸರು. ದಸರೆಯ ಖಂಡೆಪೂಜೆಗೆ ಅದಕ್ಕೆ ಕುಂಕುಮ, ಹೂವು, ಲಿಂಬಿಹಣ್ಣು. ಹೊಸ ಪ್ರೋಗ್ರಾಮ್ ಯಾವುದೇ ಇರಲಿ, ಮೊದಲು ಆಯಿಯ ಮೇಲೆ ಓಡಿಸುವುದು. ಓಡಿತೆಂದರೆ 'ಆಯಿ ಒಪ್ಪಿದ್ಲು' ಎನ್ನುತ್ತೇವೆ. ಆಮೇಲೆ ಯಾರೂ ಏನೂ ಕೇಳುವಂತಿಲ್ಲ.

ವಿಠ್ಠಲನಿಗೆ ಫೋನು ಹಚ್ಚಿದೆ. ಅಲ್ಲಿ ಸಂಜೆಯಾಗುತ್ತಿತ್ತು, ಅವನಿಗೆ ರೈಲಿನ ಅವಸರ.

"ವಿಠ್ಠಲ, ಒಂದ್ ಹೆಸರು ಹೇಳ್ತೇನಿ. ಈ ಫೈಲ್ ಆಯಿ ಒಳಗ ಐತೇನು ನೋಡು."

ಕೀಲಿಮಣೆಯ ಸದ್ದು ಕೇಳಿಸಿತು. "ಐತ್ರಿ ಸರ. ಇದಷ್ಟಽ ಅಲ್ಲ, ಇಂಥಾವು ಹದಿನೈದಿಪ್ಪತ್ತು ಅದಾವು. ಜಾತ್ರಿ ನೆರದೈತಿ ಇಲ್ಲಿ."

"ಯಾರ ಹಾಕಿದ್ದು?"

"ಒಂದೊಂದು ಒಬ್ಬೊಬ್ರು. ಏನರ ಅಡ್ಡ ಬಂತಂದ್ರ ಎಲ್ಲಿಂದರ ತಂದು ಹಾಕೂದು, ನಡೀತಂದ್ರ ಬಿಡೂದು. ನಾನೂ ಹಾಕೇನ್ರಿ."

"ನಾ ಹೇಳಿದ್ದು?"

"ಅದು ನೀವಽ ಹಾಕಿದ್ದು ಸರ. ದೀಪಾವಳಿ ಆದಮ್ಯಾಲೆ ನಿಮಗ ಹೊಸಾ ಕಂಪ್ಯೂಟರ್ ಬಂತಲ್ರಿ, ಅದರಾಗ ಮಾಡಿದ್ದು ಆಯಿ ಒಲ್ಲೆ ಅಂದ್ಲು. ನೀವು ಪೆನ್‌ಡ್ರೈವ್‌ಲೆ ಏನೋ ತಂದು ಹಾಕಿ, ಈಗ ಒಪ್ಪಿದ್ಲು ನೋಡು ಅಂದ್ರಿ. ನಾ ಬಾಜೂಕಽ ಇದ್ದೆ."

ನನಗೂ ನೆನಪಾಯಿತು. ಒಪ್ಪಿದ್ದಕ್ಕೆ ಇಬ್ಬರೂ ಚಹ ತರಿಸಿಕೊಂಡಿದ್ದೆವು.

"ಸರ? ಲೈನಿನ್ಯಾಗ ಅದೀರೇನು?"

"ಅದೇನಿ."

"ಆಯಿಗೆ ಏಳು ವರ್ಷ ಎಲ್ಲಾರೂ ಸೇರಿ ಮುದ್ದು ಮಾಡೇವ್ರಿ ಸರ. ಆಕಿ ಯಾವುದಕ್ಕೂ ಒಲ್ಲೆ ಅನ್ನಂಗಿಲ್ಲ."

ಮತ್ತೊಂದು ಫೈಲು ನೋಡುವುದು ಉಳಿದಿತ್ತು. ನಮ್ಮ ಪ್ರೋಗ್ರಾಮ್ ಓಡುತ್ತಿರುವಷ್ಟು ಹೊತ್ತು ದಿನಚರಿ ಬರೆಯುತ್ತದೆ: ಎಷ್ಟು ಹೊತ್ತಿಗೆ ಗಾಳಿ ಎಷ್ಟಿತ್ತು, ಭೋಂಗಾ ಯಾವಾಗ ಕೂಗಿತು, ಬಟನ್ ಯಾವಾಗ ಒತ್ತಿದರು. ದಿನಚರಿಯ ಕೊನೆಯ ಸಾಲಿಗೆ ಹೋದೆ. ನಾನು ಹೊಸ ಪ್ರೋಗ್ರಾಮ್ ಕಳಿಸಿದ ದಿನದ ಮಧ್ಯಾಹ್ನಕ್ಕೆ ಅದು ನಿಂತಿತ್ತು. ಆಮೇಲೆ ಒಂದಕ್ಷರವೂ ಇಲ್ಲ. ಅಂದರೆ ಅವತ್ತಿನಿಂದ ಡಬ್ಬಿಗೆ ಜೀವವೇ ಇರಲಿಲ್ಲ. ಮಾರೆಕ್ ಬಿದ್ದ ದಿನ ಅವನು ಬಟನ್ ಒತ್ತಿದ್ದರೂ ಅಷ್ಟೇ, ಬಿಟ್ಟಿದ್ದರೂ ಅಷ್ಟೇ. ಮುಚ್ಚಿಸಲು ಅಲ್ಲಿ ಬಾಯಿಯೇ ಇರಲಿಲ್ಲ.

ಲ್ಯಾಪ್‌ಟಾಪಿನ ಮೂಲೆಯಲ್ಲಿ ಎರಡೂವರೆ ಎಂದಿತ್ತು.

ದಾದಾರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಖರೇ ಏನು ಚೌಗುಲೆ?"

"ಖರೇ ದಾದಾ. ನಂದಽ ತಪ್ಪು."

"ನಿಂದು ನಂದು ಬ್ಯಾಡ ಈಗ. ಹೇಳೂದು ಹೇಳಽಬೇಕು. ಆದ್ರ ಹೊಸಾದು ಹಾಕಿ, ಭೋಂಗಾ ಕೂಗಿದ ಮ್ಯಾಲೆ ಹೇಳು. ಅರ್ಧಾ ಗೊತ್ತಾದದ್ದು ಹೇಳಿ, ನಾಳೆ ಬ್ಯಾರೇನರ ಹೊಂಟ್ರ ಆ ಹೆಣ್ಮಗಳ ಮುಂದ ಎರಡ ಮಾತು ಆಕ್ಕಾವು."

"ಹೂಂ," ಎಂದೆ. ದಾದಾ ಹೇಳಿದ್ದು ತಪ್ಪಲ್ಲ. ಅವರಿಗೆ ಅದು ಅರ್ಧ ಗೊತ್ತಾದದ್ದು. ನನಗೆ ಪೂರ್ತಿ ಗೊತ್ತಾಗಿತ್ತು. ಆದರೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಮನುಷ್ಯ ನಾನು, ಮಹಾಂತೇಶ ನಗರ ದಾಟುವ ಮೊದಲು ಗ್ಯಾಸಿನ ಗುಂಡಿ ನೋಡಲು ಎರಡು ಸಲ ಹಿಂದಿರುಗುವವನು. ಇನ್ನೊಮ್ಮೆ ನೋಡಿ ಹೇಳಿದರಾಯಿತು ಎನ್ನುವ ಮಾತು ನನಗೆ ಯಾವಾಗಲೂ ಸರಿಯೆಂದೇ ಕೇಳಿಸುತ್ತದೆ. ಹೆದರಿಕೆಯೂ ಇತ್ತು. ಅದನ್ನು ಎಚ್ಚರಿಕೆ ಎಂದು ಕರೆದುಕೊಂಡರೆ ಹಗುರವಾಗುತ್ತದೆ.

ಕಿಟಕಿಯಾಚೆ ಬಸ್ ನಿಲ್ದಾಣದಲ್ಲಿ ದನೂತಾ ನಿಂತಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ತಲೆಗೆ ಕರಿಯ ಶಾಲು. ಎವಾ ಬಂದು ನನ್ನ ಬಾಜುಕ್ಕೆ ನಿಂತರು.

"ಏನರ ಗೊತ್ತಾತೇನ್ರಿ?"

"ನಾಳೆ ಮುಂಜಾನೆ ಪಕ್ಕಾ ಹೇಳ್ತೇನ್ರಿ."

ನಿಲ್ದಾಣಕ್ಕೆ ಅರವತ್ತು ಹೆಜ್ಜೆಯೂ ಇರಲಿಲ್ಲ. ಅವತ್ತು ಬಸ್ಸು ತಡವಾಗಿ ಬಂತು. ದನೂತಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದನ್ನು ನಾನು ನೋಡುತ್ತಲೇ ಇದ್ದೆ. ಆಮೇಲೆ ಬಸ್ಸು ಬಂದು ಅವರನ್ನು ಮರೆಮಾಡಿತು, ಹೊರಟಾಗ ಅಲ್ಲಿ ಯಾರೂ ಇರಲಿಲ್ಲ.

ಗುರುವಾರ

ವಿಠ್ಠಲ ರೈಲು ಬಿಟ್ಟು, ಉದ್ಯಮಬಾಗದಲ್ಲೇ ಕೂತು, ನಾನು ಹೇಳಿದಂತೆ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ ಕಳಿಸಿದ್ದ. ನಮ್ಮ ಮಂದಿ ಯಾತ್ರೆಗೆ ಹೊರಟರೆ ಅಡಿಗೆಯವರು, ಪಾತ್ರೆ, ಹಿಟ್ಟು, ನೀರು ಸೋಸುವ ಬಟ್ಟೆ ಎಲ್ಲವನ್ನೂ ಕಟ್ಟಿಕೊಂಡೇ ಹೋಗುತ್ತಾರೆ. ಹೋದ ಊರಿನಲ್ಲಿ ಏನನ್ನೂ ಕೇಳುವುದಿಲ್ಲ. ಈ ಸಲದ ಪ್ರೋಗ್ರಾಮ್ ಹಾಗಿತ್ತು. ತನಗೆ ಬೇಕಾದದ್ದನ್ನೆಲ್ಲ ತನ್ನೊಳಗೇ ಹೊತ್ತುಕೊಂಡು ಬಂದಿತ್ತು, ಡಬ್ಬಿಯಲ್ಲಿ ಏನಿದೆ ಏನಿಲ್ಲ ಎಂಬ ಹಂಗು ಅದಕ್ಕಿರಲಿಲ್ಲ. ಗಾತ್ರ ಮಾತ್ರ ಹತ್ತು ಪಟ್ಟು. ಮತ್ತೆ ಆಯಿಯ ಮೇಲೆ ಓಡಿಸಬೇಡ, ಯಾರೂ ಮುಟ್ಟದ ಕೋರಾ ಡಬ್ಬಿಯೊಂದನ್ನು ಬಿಚ್ಚಿ ಅದರ ಮೇಲೆ ಓಡಿಸು ಎಂದಿದ್ದೆ. ಹಾಗೇ ಮಾಡಿದ್ದ.

ತುಂಬಿ, ಓಡು ಎಂದೆ. ಓಡಿತು. ಪರೀಕ್ಷೆಗೆಂದು ಕಾರ್ಖಾನೆಯವರು ತರಿಸಿಟ್ಟಿದ್ದ ಗ್ಯಾಸಿನ ಪುಟ್ಟ ಬಾಟಲಿಯ ಮೂತಿಯನ್ನು ಡಬ್ಬಿಯ ಮೂಗಿಗೆ ಹಿಡಿದೆ. ಮೂವತ್ತು ಎಣಿಸುವುದರೊಳಗೆ ಭೋಂಗಾ ಕೂಗಿತು.

ಭಟ್ಟಿಯ ಜನ ಕೆಲಸ ಬಿಟ್ಟು ಬಂದು ನಿಂತರು. ಒಬ್ಬ ಮುದುಕ ಟೊಪ್ಪಿಗೆ ತೆಗೆದು ಎದೆಯ ಮೇಲೆ ಶಿಲುಬೆ ಬರೆದುಕೊಂಡ. ನನ್ನ ಪರೀಕ್ಷೆ ಸಫಲವಾದದ್ದಕ್ಕೆ ಹಾಗೆ ಮಾಡುತ್ತಿದ್ದಾನೆ ಎಂದುಕೊಂಡೆ. ಎಂಥ ಮನುಷ್ಯ ನಾನು.

ಎವಾ ಹೊರಗಿನಿಂದ ಬಂದರು. ಕೋಟು ಬಿಚ್ಚಿರಲಿಲ್ಲ. ಭೋಂಗಾ ನಿಲ್ಲಿಸುವಂತೆ ಕೈಸನ್ನೆ ಮಾಡಿದರು. ನಿಲ್ಲಿಸಿದೆ.

"ಮಾರೆಕ್ ನಿನ್ನೆ ಸಂಜಿ ಆರೂವರಿಗೆ ಹೋದ್ರು," ಎಂದರು. "ಆಕಿ ಮನಿಗೆ ಬಂದು ಮುಟ್ಟೂದ್ರಾಗ ಆಸ್ಪತ್ರಿಯಿಂದ ಫೋನ್ ಬಂದಿತ್ತಂತ."

ಜನ ಒಬ್ಬೊಬ್ಬರಾಗಿ ಹಿಂದಕ್ಕೆ ಹೋದರು. ಯಾರೋ ಕಿಟಕಿಗಳನ್ನು ಮುಚ್ಚತೊಡಗಿದರು. ಈಗ ಭೋಂಗಾ ಇತ್ತಲ್ಲ.

ಮಧ್ಯಾಹ್ನ ಎವಾ ಮತ್ತು ನಾನು ದನೂತಾರ ಮನೆಗೆ ಹೋದೆವು. ಅಡಿಗೆಮನೆಯಲ್ಲಿ ಕೂರಿಸಿದರು. ಅವರ ತಂಗಿಯೊಬ್ಬರು ಚಹ ತಂದಿಟ್ಟು ಒಳಗೆ ಹೋದರು. ಮೇಜಿನ ಮೇಲೆ ಬಟ್ಟೆಯ ಚೀಲ ಹಾಗೇ ಇತ್ತು. ನಾನು ಹೇಳತೊಡಗಿದೆ, ಎವಾ ಒಂದೊಂದೇ ಮಾತನ್ನು ದಾಟಿಸಿದರು. ಡಬ್ಬಿಗೆ ಜೀವ ಇರಲಿಲ್ಲ ಎಂದೆ. ನವೆಂಬರಿನಿಂದ ಇರಲಿಲ್ಲ. ಕಳಿಸಿದವನು ನಾನು, ಸರಿಯಾಗಿ ನೋಡದೆ ಕಳಿಸಿದ್ದು ನನ್ನ ತಪ್ಪು. ನಿಮ್ಮ ಗಂಡ ಬಟನ್ ಒತ್ತಿದ್ದಕ್ಕೆ ಭೋಂಗಾ ಸುಮ್ಮನಾದದ್ದಲ್ಲ. ಒತ್ತಿದ್ದರೂ ಅದರಿಂದ ಏನೂ ಆಗುತ್ತಿರಲಿಲ್ಲ. ಇದನ್ನೆಲ್ಲ ಬರೆದು ಸಹಿ ಮಾಡಿ ಕಾರ್ಖಾನೆಗೆ ಕೊಟ್ಟಿದ್ದೇನೆ.

ದನೂತಾ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿ ಎಂದೂ ಬಯಸಿದ್ದೆ. ಅವರು ಮೇಜಿನ ಬಟ್ಟೆಯ ಒಂದು ಸುಕ್ಕನ್ನು ಅಂಗೈಯಿಂದ ಸವರಿ ಸವರಿ ನೇರಮಾಡಿದರು. ಆಮೇಲೆ ಏನೋ ಕೇಳಿದರು. ಸಣ್ಣ ಪ್ರಶ್ನೆ.

ಎವಾ ನನ್ನ ಕಡೆ ತಿರುಗಿದರು. "ಯಾವಾಗ ಗೊತ್ತಾತು ಅಂತ ಕೇಳ್ತಾಳ."

ನಾನು ಹೇಳಿದೆ.

ಎವಾ ಅದನ್ನು ತಕ್ಷಣ ದಾಟಿಸಲಿಲ್ಲ. ನಿನ್ನೆ ಕಿಟಕಿಯ ಹತ್ತಿರ ಅವರೂ ನನ್ನ ಬಾಜುಕ್ಕೇ ನಿಂತಿದ್ದರು. ದನಿ ತಗ್ಗಿಸಿ, "ಇವತ್ತ ಮುಂಜಾನೆ ಅಂತ ಹೇಳ್ಲೇನು?" ಎಂದರು.

"ಬ್ಯಾಡ್ರಿ. ನಿನ್ನೆ ಎರಡೂವರಿಗೆ ಅಂತಽ ಹೇಳ್ರಿ."

ಹೇಳಿದರು. ದನೂತಾ ಎರಡೂವರೆ ಎಂಬ ಮಾತನ್ನು ತಮ್ಮ ಭಾಷೆಯಲ್ಲಿ ಒಮ್ಮೆ ಮೆಲ್ಲಗೆ ಅಂದುಕೊಂಡರು. ಆಮೇಲೆ ಎದ್ದು, ಮೇಜಿನ ಮೇಲಿದ್ದ ಬಟ್ಟೆಯ ಚೀಲವನ್ನು ಬಿಚ್ಚಿ, ಒಳಗಿನ ಚೊಕ್ಕ ಮಡಿಕೆಯ ಅಂಗಿಯೊಂದನ್ನು ತೆಗೆದು, ಮತ್ತೆ ಹಾಗೇ ಇಟ್ಟರು.

ಹಾಳೆಯ ಮೇಲೆ ಬರೆದಿದ್ದ ಇಪ್ಪತ್ತೊಂದರಲ್ಲಿ ಯಾವುದೂ ಆಗಲಿಲ್ಲ. ಈ ಇಡೀ ಪ್ರವಾಸದಲ್ಲಿ ನಾನು ಮಾಡಿದ ಕೆಟ್ಟದ್ದು ಒಂದೇ, ಅದೂ ನೋಡಲು ಸಣ್ಣದು. ಬುಧವಾರ ಅವರು ಬಸ್ಸು ಹತ್ತುವ ಮೊದಲು ಹೇಳಬಹುದಾಗಿದ್ದನ್ನು ನಾನು ಗುರುವಾರ ಹೇಳಿದೆ.